ಶಸ್ತ್ರಕ್ರಿಯೆ ಜಠರಕ್ಕೆ, ಗುಣ ಲಿವರಿಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಂಡವರ ವರದಿಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ‘ಫ್ಯಾಟಿ ಲಿವರ್, ಗ್ರೇಡ್ ಒನ್’. ಕೆಲವರದು ‘ಗ್ರೇಡ್ ಟೂ’. ಕಿಡ್ನಿಯ ಕಲ್ಲು ನೋಡಲು ಹೋದವರಿಗೆ, ಹೊಟ್ಟೆನೋವಿಗೆಂದು ಹೋದವರಿಗೆ ಈ ಸುದ್ದಿ ಕೇಳದೆಯೇ ಸಿಗುತ್ತದೆ. ನೋವಿಲ್ಲ, ಜ್ವರವಿಲ್ಲ, ಕಣ್ಣು ಹಳದಿಯಾಗುವ ಕಾಮಣಿಯೂ ಇಲ್ಲ. ‘ನಾ ಎಂದೂ ಶೆರೆ ಮುಟ್ಟಿದಾಂವಲ್ಲ, ನನಗ್ಯಾಕ ಲಿವರ್ ಬ್ಯಾನಿ?’ ಎಂದು ಕೇಳುವವರೇ ಹೆಚ್ಚು. ಎಣ್ಣೆ ಕಡಿಮೆ ಮಾಡಿ, ವಾಕಿಂಗ್ ಮಾಡಿ ಎಂಬ ಮಾತಿನೊಂದಿಗೆ ವರದಿ ಮನೆಯ ಕಪಾಟು ಸೇರುತ್ತದೆ.

ಆ ಪ್ರಶ್ನೆ ಅಮೆರಿಕದ ಮೇಯೊ ಕ್ಲಿನಿಕ್‌ನ ರೋಗಶಾಸ್ತ್ರಜ್ಞ ಯೂರ್ಗನ್ ಲುಡ್ವಿಗ್ ಅವರನ್ನೂ ಕಾಡಿತ್ತು. ಸೂಕ್ಷ್ಮದರ್ಶಕದ ಕೆಳಗೆ ಅಪ್ಪಟ ಕುಡುಕರದೆಂಬಂತೆ ಕಾಣುತ್ತಿದ್ದ ಲಿವರುಗಳು ಅವರಿಗೆ ಸಿಕ್ಕಿದ್ದವು. ಆದರೆ ಆ ರೋಗಿಗಳು ಕುಡಿಯುವವರಾಗಿರಲಿಲ್ಲ. ಅವರಲ್ಲಿ ಹೆಚ್ಚಿನವರು ದಪ್ಪಗಿದ್ದರು, ಹಲವರಿಗೆ ಸಕ್ಕರೆ ಕಾಯಿಲೆಯಿತ್ತು. ಅಂಥ 20 ರೋಗಿಗಳ ವಿವರವನ್ನು ಲುಡ್ವಿಗ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದರು. ಮದ್ಯದ ಸೋಂಕಿಲ್ಲದೆಯೂ ಲಿವರಿನಲ್ಲಿ ಕೊಬ್ಬು ತುಂಬಿ, ಉರಿಯೂತ ಎದ್ದು, ಕಲೆಗಟ್ಟಿ ಹಾಳಾಗಬಹುದು ಎಂಬುದಕ್ಕೆ ವೈದ್ಯಕೀಯದಲ್ಲಿ ಒಂದು ಹೆಸರು ಹುಟ್ಟಿದ್ದು ಆಗ. ದೆಹಲಿಯ ಏಮ್ಸ್ ವೈದ್ಯರು ದೇಶದ ಹತ್ತಾರು ಅಧ್ಯಯನಗಳನ್ನು ಕೂಡಿಸಿ 2022ರಲ್ಲಿ ಹಾಕಿದ ಲೆಕ್ಕದಂತೆ ಭಾರತದ ವಯಸ್ಕರಲ್ಲಿ ಶೇ 38ಕ್ಕೂ ಹೆಚ್ಚು ಮಂದಿಗೆ ಫ್ಯಾಟಿ ಲಿವರ್ ಇದೆ.

ಇವರೆಲ್ಲರಿಗೂ ಲಿವರ್ ಕೆಡುವುದಿಲ್ಲ. ಬಹುತೇಕರಲ್ಲಿ ಕೊಬ್ಬು ಕೊಬ್ಬಾಗಿಯೇ ಉಳಿಯುತ್ತದೆ. ಕೆಲವರಲ್ಲಿ ಮಾತ್ರ ಅದು ಉರಿಯೂತ ಎಬ್ಬಿಸುತ್ತದೆ. ಉರಿಯೂತ ವರ್ಷಗಟ್ಟಲೆ ನಿಂತರೆ ಗಾಯ ಮಾಯ್ದ ಜಾಗದಲ್ಲಿ ಉಳಿಯುವಂಥ ಗಟ್ಟಿ ನಾರಿನ ಕಲೆ ಬೆಳೆಯುತ್ತದೆ. ವೈದ್ಯರು ಇದನ್ನು ಫೈಬ್ರೋಸಿಸ್ ಎನ್ನುತ್ತಾರೆ. ಸೊನ್ನೆಯಿಂದ ನಾಲ್ಕರವರೆಗೆ ಅದರ ಹಂತಗಳು; ನಾಲ್ಕನೆಯದೇ ಸಿರೋಸಿಸ್. ಇಲ್ಲಿ ಜನರಿಗೆ ಸರಿಯಾಗಿ ತಿಳಿಸಿ ಹೇಳದೆ ಉಳಿದ ಸಂಗತಿಯೊಂದಿದೆ. ಸ್ಕ್ಯಾನ್ ವರದಿಯ ‘ಗ್ರೇಡ್’ ಹೇಳುವುದು ಕೊಬ್ಬು ಎಷ್ಟಿದೆ ಎಂಬುದನ್ನು ಮಾತ್ರ. ಕಲೆ ಎಷ್ಟು ಕಟ್ಟಿದೆ ಎಂಬುದು ಆ ಸಾಲಿನಲ್ಲಿ ಇರುವುದಿಲ್ಲ. ಗ್ರೇಡ್ ಒನ್ ಇದ್ದವರ ಲಿವರಿನಲ್ಲಿ ಮೂರನೆಯ ಹಂತದ ಕಲೆ ಇರಬಹುದು, ಗ್ರೇಡ್ ತ್ರೀ ಇದ್ದವರಲ್ಲಿ ಕಲೆಯೇ ಇಲ್ಲದಿರಬಹುದು. ಆಯುಸ್ಸನ್ನು ನಿರ್ಧರಿಸುವುದು ಕೊಬ್ಬಿಗಿಂತ ಈ ಕಲೆ. ತೂಕ ಇಳಿಸಲು ಜಠರಕ್ಕೆ ಮಾಡುವ ಶಸ್ತ್ರಕ್ರಿಯೆಯಿಂದ ಲಿವರ್ ಗುಣವಾಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗಲೂ ನಾವು ನೋಡಬೇಕಾದದ್ದು ಇದನ್ನೇ.

ಲಿವರಿಗೆ ಕೊಬ್ಬು ಎಲ್ಲಿಂದ ಬರುತ್ತದೆ? ಎಣ್ಣೆಯಿಂದ, ತುಪ್ಪದಿಂದ ಎಂದು ನಮ್ಮ ತಿಳಿವಳಿಕೆ. ಅಮೆರಿಕದ ಸಂಶೋಧಕರು 2005ರಲ್ಲಿ ಫ್ಯಾಟಿ ಲಿವರ್ ರೋಗಿಗಳ ಲಿವರಿನ ಕೊಬ್ಬಿನ ಮೂಲವನ್ನು ಪತ್ತೆಮಾಡಿದರು. ಸುಮಾರು ಶೇ 60 ರಷ್ಟು ಮೈಯಲ್ಲಿ ಮೊದಲೇ ಕೂಡಿದ್ದ ಕೊಬ್ಬು ಕರಗಿ ರಕ್ತದಲ್ಲಿ ಹರಿದು ಬಂದದ್ದು. ಕಾಲುಭಾಗದಷ್ಟನ್ನು ಸಕ್ಕರೆ ಮತ್ತು ಪಿಷ್ಟದಿಂದ ಲಿವರೇ ತಯಾರಿಸಿಕೊಂಡಿತ್ತು. ಊಟದ ಜಿಡ್ಡಿನಿಂದ ನೇರವಾಗಿ ಬಂದದ್ದು ಶೇ 15 ರಷ್ಟು ಮಾತ್ರ. ಕಬ್ಬಿನ ಸೀಮೆಯವರಾದ ನಾವು ಇದನ್ನು ಮನಸ್ಸಿಟ್ಟು ಓದಬೇಕು. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಕಾರ್ಖಾನೆಯಿಂದ ಹಿಡಿದು ಬೆಳಗಾವಿ ಜಿಲ್ಲೆಯ ತುಂಬ ಸಕ್ಕರೆ ಕಾರ್ಖಾನೆಗಳಿವೆ. ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗ್ಲೂಕೋಸನ್ನು ಮೈಯೆಲ್ಲ ಹಂಚಿಕೊಂಡು ಬಳಸುತ್ತದೆ; ಫ್ರಕ್ಟೋಸಿನ ಹೆಚ್ಚಿನ ಭಾರವನ್ನು ಲಿವರೇ ಹೊರಬೇಕು. ಹೊಲಕ್ಕೆ ಹೋಗಿ ದಿನವಿಡೀ ದುಡಿದು ಬಂದವನಿಗೆ ಚಾದ ಸಕ್ಕರೆ ಒಂದು ರೀತಿ. ಟ್ರ್ಯಾಕ್ಟರು, ಬೈಕು ಬಂದ ಮೇಲೆ ಅಂಗಡಿಯ ಕಟ್ಟೆಯ ಮೇಲೆ ಕೂತು ದಿನಕ್ಕೆ ಐದಾರು ಕಪ್ ಕುಡಿಯುವವನಿಗೆ ಇನ್ನೊಂದು ರೀತಿ.

ಮೈ ದಪ್ಪವಿಲ್ಲದವರಿಗೂ ಈ ರೋಗ ಬರುತ್ತದೆ. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಫ್ಯಾಟಿ ಲಿವರ್ ಇದ್ದವರಲ್ಲಿ ಶೇ 75 ಮಂದಿಯ ಬಿಎಂಐ 25ಕ್ಕಿಂತ ಕಡಿಮೆ ಇತ್ತು. ಬಿಎಂಐ ಎಂದರೆ ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಬರುವ ಅಂಕಿ. ಭಾರತೀಯರಲ್ಲಿ ಕೊಬ್ಬು ತೋಳು ತೊಡೆಗಿಂತ ಹೊಟ್ಟೆಯೊಳಗೆ ಬೇಗ ಸೇರುತ್ತದೆ ಎಂಬುದನ್ನು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ವರ್ಷಗಳಿಂದ ತೋರಿಸುತ್ತ ಬಂದಿದ್ದಾರೆ. ತೆಳ್ಳಗಿದ್ದು ಫ್ಯಾಟಿ ಲಿವರ್ ಇರುವವರಿಗೆ ಮುಂದೆ ಹೇಳುವ ಶಸ್ತ್ರಕ್ರಿಯೆ ಅನ್ವಯಿಸುವುದಿಲ್ಲ. ಅದು ಸ್ಥೂಲಕಾಯದವರಿಗಾಗಿ ಇರುವ ಚಿಕಿತ್ಸೆ.

ಈ ಶಸ್ತ್ರಕ್ರಿಯೆ ಏನು ಎಂಬುದಕ್ಕಿಂತ ಏನಲ್ಲ ಎಂಬುದನ್ನು ಮೊದಲು ಹೇಳಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಕಿರುತೆರೆಯ ಯುವನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಕ್ರಿಯೆಯ ನಂತರ ತೀರಿಕೊಂಡರು. ಆ ಸುದ್ದಿ ನಮ್ಮ ಮನೆಮನೆಯ ಟಿವಿಯಲ್ಲಿ ಬಂದು, ‘ಕೊಬ್ಬಿನ ಆಪರೇಷನ್’ ಎಂದರೆ ಜೀವಕ್ಕೇ ಕುತ್ತು ಎಂಬ ಅಂಜಿಕೆಯನ್ನು ಉಳಿಸಿಹೋಯಿತು. ಅದು ಚರ್ಮದ ಕೆಳಗಿನ ಕೊಬ್ಬನ್ನು ತೆಗೆಯುವ ಸೌಂದರ್ಯ ಚಿಕಿತ್ಸೆ. ಅದರಿಂದ ಲಿವರಿಗೆ ಏನೂ ಆಗುವುದಿಲ್ಲ. 2004ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕ್ಲೈನ್ ಮತ್ತು ಸಂಗಡಿಗರು 15 ಮಹಿಳೆಯರಲ್ಲಿ ಹೀಗೆ ಹತ್ತು ಕಿಲೋದಷ್ಟು ಕೊಬ್ಬು ತೆಗೆದ ನಂತರ ಪರೀಕ್ಷಿಸಿದಾಗ ಇನ್ಸುಲಿನ್ ಕೆಲಸಮಾಡುವ ರೀತಿಯಲ್ಲಿ ಸುಧಾರಣೆಯೇ ಕಾಣಲಿಲ್ಲ. ಕೊಬ್ಬನ್ನು ಹೊರಗಿನಿಂದ ತೆಗೆಯುವುದೇ ಬೇರೆ, ಕೊಬ್ಬು ಕೂಡುವ ದಾರಿಯನ್ನು ಒಳಗಿನಿಂದ ಬದಲಿಸುವುದೇ ಬೇರೆ.

ಬೇರಿಯಾಟ್ರಿಕ್ ಸರ್ಜರಿ ಎನ್ನುವ ಈ ಜಠರದ ಶಸ್ತ್ರಕ್ರಿಯೆ ಮಾಡುವುದು ಎರಡನೆಯದನ್ನು. ಮುಖ್ಯವಾಗಿ ಎರಡು ವಿಧ. ಮೊದಲನೆಯದು ಸ್ಲೀವ್: ಉದರದರ್ಶಕ ನಳಿಕೆ ಹಾಕಿ ಜಠರದ ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಷ್ಟು ದಪ್ಪದ ಕೊಳವೆ ಮಾಡುತ್ತಾರೆ. ಎರಡನೆಯದು ಬೈಪಾಸ್: ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ ಮಾಡಿ, ಅದಕ್ಕೆ ಸಣ್ಣ ಕರುಳಿನ ಕೆಳಗಿನ ಭಾಗವನ್ನು ನೇರ ಜೋಡಿಸುತ್ತಾರೆ. ಊಟ ಕಡಿಮೆಯಾಗುವುದು ಮೇಲ್ನೋಟದ ಪರಿಣಾಮ. ಒಳಗೆ ನಡೆಯುವುದು ಇನ್ನೂ ಹೆಚ್ಚು. ಹಸಿವಿನ ಹಾರ್ಮೋನು ಗ್ರೆಲಿನ್ ಹೆಚ್ಚಾಗಿ ಹುಟ್ಟುವ ಜಾಗವೇ ಸ್ಲೀವಿನಲ್ಲಿ ಹೊರಹೋಗುತ್ತದೆ. ಅರೆಜೀರ್ಣ ಆಹಾರ ಕೆಳಗರುಳನ್ನು ಬೇಗ ತಲುಪುವುದರಿಂದ ಅಲ್ಲಿನ ಜಿಎಲ್‌ಪಿ-1 ಹಾರ್ಮೋನು ಏರುತ್ತದೆ, ಪಿತ್ತರಸದ ಹರಿವು ಬದಲಾಗುತ್ತದೆ. ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ, ಎಷ್ಟೋ ಜನರಿಗೆ ಸಕ್ಕರೆ ಕಾಯಿಲೆಯ ಔಷಧ ತಗ್ಗಿಸಬೇಕಾಗುತ್ತದೆ. ಲಿವರ್ ಎಷ್ಟು ಬೇಗ ಓಗೊಡುತ್ತದೆ ಎಂಬುದನ್ನು ಸರ್ಜನ್‌ಗಳು ಕಣ್ಣಾರೆ ಬಲ್ಲರು. ಲಿವರಿನ ಎಡಭಾಗ ಜಠರದ ಮೇಲೆಯೇ ಚಾಚಿಕೊಂಡಿರುತ್ತದೆ. ಕೊಬ್ಬಿನಿಂದ ಊದಿದ್ದರೆ ಅದನ್ನು ಎತ್ತಿಹಿಡಿದು ಕೆಲಸಮಾಡುವುದೇ ಕಷ್ಟ. ಅದಕ್ಕೆಂದೇ ಶಸ್ತ್ರಕ್ರಿಯೆಗೆ ಎರಡರಿಂದ ನಾಲ್ಕು ವಾರ ಮೊದಲು ರೋಗಿಗೆ ಬಹಳ ಕಡಿಮೆ ಕ್ಯಾಲೊರಿಯ ಪಥ್ಯ ಹೇಳುತ್ತಾರೆ. ಅಷ್ಟರಲ್ಲೇ ಲಿವರ್ ಕುಗ್ಗಿರುತ್ತದೆ.

ಇದೇ ಶಸ್ತ್ರಕ್ರಿಯೆಯ ಮೊದಲ ಅವತಾರ ಲಿವರನ್ನು ಕೊಂದಿತ್ತು ಎಂಬುದನ್ನು ಮುಚ್ಚಿಡಬಾರದು. 1950ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾದ ಕರುಳಿನ ಬೈಪಾಸಿನಲ್ಲಿ ಜಠರವನ್ನು ಮುಟ್ಟುತ್ತಿರಲಿಲ್ಲ. ಸಣ್ಣ ಕರುಳಿನ ಬಹುಭಾಗವನ್ನು ಆಹಾರದ ದಾರಿಯಿಂದ ಹೊರಗಿಡುತ್ತಿದ್ದರು. ತೂಕ ಸರಸರನೆ ಇಳಿಯುತ್ತಿತ್ತು. ಆದರೆ ಪ್ರೋಟೀನ್ ಮೈಗೆ ಹತ್ತುತ್ತಿರಲಿಲ್ಲ, ಖಾಲಿ ಬಿದ್ದ ಕರುಳಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಅವುಗಳ ವಿಷ ಲಿವರಿಗೆ ಸೇರುತ್ತಿತ್ತು. ಕೆಲವರ ಲಿವರ್ ಪೂರ್ತಿ ಸೋತುಹೋಯಿತು, ಸಾವುಗಳಾದವು. 1980ರ ಹೊತ್ತಿಗೆ ಆ ಶಸ್ತ್ರಕ್ರಿಯೆಯನ್ನು ಕೈಬಿಟ್ಟರು. ಅಯೋವಾದ ಎಡ್ವರ್ಡ್ ಮೇಸನ್ 1966ರಲ್ಲಿ ಆರಂಭಿಸಿದ್ದ ಜಠರದ ಬೈಪಾಸ್ ಮುಂದೆ ಸುಧಾರಿಸುತ್ತ ಬಂದು ಉಳಿಯಿತು. ಈ ಹಳೆಯ ಏಟಿನಿಂದಾಗಿ ಲಿವರ್ ತಜ್ಞರು ಬಹುಕಾಲ ಬೇರಿಯಾಟ್ರಿಕ್ ಸರ್ಜರಿಯನ್ನು ಸಂಶಯದಿಂದಲೇ ನೋಡಿದರು. ಅವರನ್ನು ಒಪ್ಪಿಸಿದ್ದು ಸೂಜಿಯಿಂದ ಲಿವರಿನ ಚೂರು ತೆಗೆದು ನೋಡಿದ ಬಯಾಪ್ಸಿಗಳು.

ಫ್ರಾನ್ಸಿನ ಲೀಲ್ ನಗರದ ವೈದ್ಯರ ಕೆಲಸ ಇದರಲ್ಲಿ ದೊಡ್ಡದು. ಉರಿಯೂತದ ಹಂತ ತಲುಪಿದ್ದ 180 ಸ್ಥೂಲಕಾಯ ರೋಗಿಗಳಿಗೆ ಶಸ್ತ್ರಕ್ರಿಯೆ ಮಾಡಿ, ಒಂದು ವರ್ಷಕ್ಕೆ ಮತ್ತು ಐದು ವರ್ಷಕ್ಕೆ ಮತ್ತೆ ಬಯಾಪ್ಸಿ ತೆಗೆದರು. 2020ರಲ್ಲಿ ಫಲಿತಾಂಶ ಬಂತು. ಐದನೆಯ ವರ್ಷ ಪರೀಕ್ಷೆಗೆ ಸಿಕ್ಕವರಲ್ಲಿ ಶೇ 84 ಮಂದಿಯಲ್ಲಿ ಉರಿಯೂತ ಇಲ್ಲವಾಗಿತ್ತು. ಶೇ 70 ಮಂದಿಯಲ್ಲಿ ಕಲೆ ಕಡಿಮೆಯಾಗಿತ್ತು. ಶೇ 56 ಮಂದಿಯಲ್ಲಿ ಅಳಿಸಿಯೇ ಹೋಗಿತ್ತು. ಕೊಬ್ಬು ಬೇಗ ಹೋಗುತ್ತದೆ, ಉರಿಯೂತ ಒಂದು ವರ್ಷದಲ್ಲಿ ಇಳಿಯುತ್ತದೆ, ಕಲೆ ಮಾತ್ರ ವರ್ಷ ವರ್ಷ ನಿಧಾನವಾಗಿ ಕರಗುತ್ತದೆ. ಒಮ್ಮೆ ಕಲೆಗಟ್ಟಿದ ಲಿವರ್ ಹಿಂದಿರುಗಲಾರದು ಎಂದು ಕಲಿತು ಬಂದ ವೈದ್ಯರಿಗೆ ಇದು ಹೊಸ ಪಾಠ.

ಹಾಗಾದರೆ ಊಟ, ವ್ಯಾಯಾಮದಿಂದಲೇ ಆಗದೆ? ಆಗುತ್ತದೆ, ತೂಕ ಇಳಿದರೆ. ಕ್ಯೂಬಾದಲ್ಲಿ 293 ರೋಗಿಗಳನ್ನು ಒಂದು ವರ್ಷ ಪಥ್ಯ ವ್ಯಾಯಾಮದಲ್ಲಿಟ್ಟು 2015ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ತೂಕದ ಹತ್ತನೇ ಒಂದು ಭಾಗ ಅಥವಾ ಅದಕ್ಕೂ ಹೆಚ್ಚು ಇಳಿಸಿದವರಲ್ಲಿ ಶೇ 90 ಮಂದಿಗೆ ಉರಿಯೂತ ಹೋಯಿತು. ಅಷ್ಟು ಇಳಿಸಿದವರ ಮಟ್ಟಿಗೆ ಶಸ್ತ್ರಕ್ರಿಯೆಗೂ ಇದಕ್ಕೂ ಫಲದಲ್ಲಿ ಅಂಥ ವ್ಯತ್ಯಾಸವಿಲ್ಲ. ಆದರೆ ಅಷ್ಟು ತೂಕ ಇಳಿಸಲು ಸಾಧ್ಯವಾದದ್ದು ಹತ್ತರಲ್ಲಿ ಒಬ್ಬರಿಗೆ. 90 ಕಿಲೋ ಇರುವವರು 81ಕ್ಕೆ ಇಳಿದು ಅಲ್ಲೇ ನಿಲ್ಲಬೇಕು. ಮೈಯ ಹಸಿವಿನ ಹಾರ್ಮೋನುಗಳೇ ಅದಕ್ಕೆ ಅಡ್ಡ ನಿಲ್ಲುತ್ತವೆ, ಆದ್ದರಿಂದ ಆಗದವರನ್ನು ನಾಲಿಗೆ ಬಿಗಿಹಿಡಿಯಲಾರದವರು ಎಂದು ಹಂಗಿಸುವುದು ಅನ್ಯಾಯ. ಎರಡನ್ನೂ ನೇರವಾಗಿ ಎದುರುಬದುರು ನಿಲ್ಲಿಸಿದ್ದು ಇಟಲಿಯ ರೋಮ್‌ನ ವೈದ್ಯರು. 288 ಜನರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಕೊಟ್ಟರು. ಒಂದು ವರ್ಷದ ಕೊನೆಗೆ ಬೈಪಾಸ್ ಆದವರಲ್ಲಿ ಶೇ 56, ಸ್ಲೀವ್ ಆದವರಲ್ಲಿ ಶೇ 57, ಪಥ್ಯ ವ್ಯಾಯಾಮದ ಜೊತೆ ಅತ್ಯುತ್ತಮ ಔಷಧ ಪಡೆದವರಲ್ಲಿ ಶೇ 16 ಮಂದಿಗೆ, ಕಲೆ ಹೆಚ್ಚದೆ, ಉರಿಯೂತ ವಾಸಿಯಾಗಿತ್ತು.

ದೂರಗಾಮಿ ಲಾಭವನ್ನು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ 2021ರಲ್ಲಿ ತೋರಿಸಿತು. ಬಯಾಪ್ಸಿಯಲ್ಲಿ ರೋಗ ಖಚಿತವಾದ 1158 ಜನರಲ್ಲಿ ಸಿರೋಸಿಸ್, ಲಿವರ್ ಕ್ಯಾನ್ಸರ್, ಕಸಿ, ಲಿವರಿನಿಂದಾದ ಸಾವು ಇವುಗಳ ಪ್ರಮಾಣ ಹತ್ತು ವರ್ಷದಲ್ಲಿ ಶಸ್ತ್ರಕ್ರಿಯೆ ಆದವರಲ್ಲಿ ಶೇ 2.3, ಆಗದವರಲ್ಲಿ ಶೇ 9.6. ಇದು ಹಳೆಯ ಕಡತಗಳನ್ನು ಹೋಲಿಸಿದ ಅಧ್ಯಯನ, ಚೀಟಿ ಎತ್ತಿ ಮಾಡಿದ ಪ್ರಯೋಗವಲ್ಲ. ಆ ಮಿತಿಯೊಂದಿಗೇ ಓದಬೇಕು. ಶಸ್ತ್ರಕ್ರಿಯೆಯ ತೊಡಕುಗಳಿಂದ ಮೊದಲ ವರ್ಷದಲ್ಲಿ 650 ಜನರಲ್ಲಿ ನಾಲ್ವರು ತೀರಿಕೊಂಡರು ಎಂಬುದನ್ನೂ ಅದೇ ವರದಿ ಹೇಳುತ್ತದೆ. ಶಸ್ತ್ರಕ್ರಿಯೆಗೆ ಒಪ್ಪುವ ಮನೆಯವರಿಗೆ ಎರಡೂ ಅಂಕಿ ಗೊತ್ತಿರಬೇಕು.

ಈ ಲಾಭಕ್ಕೆಲ್ಲ ಒಂದು ಕಾಲಮಿತಿ ಇದೆ. ಕಲೆ ಎರಡನೆಯ, ಮೂರನೆಯ ಹಂತದಲ್ಲಿರುವಾಗ ಶಸ್ತ್ರಕ್ರಿಯೆಯಿಂದ ಸಿಗುವ ಲಾಭ ದೊಡ್ಡದು. ಸಿರೋಸಿಸ್ ಆರಂಭದಲ್ಲಿದ್ದರೆ ಅನುಭವಿ ಕೇಂದ್ರಗಳಲ್ಲಿ ಆಯ್ದ ಕೆಲವರಿಗೆ ಮಾಡಬಹುದು. ಹೊಟ್ಟೆಯಲ್ಲಿ ನೀರು ತುಂಬಿ, ರಕ್ತವಾಂತಿಯಾಗಿ, ಕಾಮಣಿ ಕಾಣಿಸಿಕೊಂಡ ಮೇಲೆ ಈ ಬಾಗಿಲು ಮುಚ್ಚುತ್ತದೆ. ಆಗ ಉಳಿಯುವುದು ಲಿವರ್ ಕಸಿ. ನಮ್ಮ ತಾಲ್ಲೂಕುಗಳಿಂದ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನ ತಜ್ಞರ ಬಳಿ ಹೋಗುವವರಲ್ಲಿ ಬಹಳ ಮಂದಿ ಹೊರಡುವುದೇ ಆ ಹೊತ್ತಿಗೆ. ಸಂಕಟವೆಂದರೆ, ಕಲೆಯ ಸುಳಿವನ್ನು ಬಹಳ ಮೊದಲೇ ಹಿಡಿಯಲು ದೊಡ್ಡ ಯಂತ್ರವೇನೂ ಬೇಕಿಲ್ಲ. ವಯಸ್ಸು, ಎಎಸ್‌ಟಿ ಮತ್ತು ಎಎಲ್‌ಟಿ ಎಂಬ ಲಿವರ್ ಕಿಣ್ವಗಳು, ಪ್ಲೇಟ್‌ಲೆಟ್ ಎಣಿಕೆ ಈ ನಾಲ್ಕು ಅಂಕಿ ಸಾಕು. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ, ಬಂದದ್ದನ್ನು ಪ್ಲೇಟ್‌ಲೆಟ್ ಎಣಿಕೆ, ಎಎಲ್‌ಟಿಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸಬೇಕು. ಇದಕ್ಕೆ ಫಿಬ್-4 ಎಂದು ಹೆಸರು. ಉದಾಹರಣೆಗೆ 52 ವಯಸ್ಸು, ಎಎಸ್‌ಟಿ 60, ಎಎಲ್‌ಟಿ 64, ಪ್ಲೇಟ್‌ಲೆಟ್ 1 ಲಕ್ಷ 60 ಸಾವಿರ ಇದ್ದರೆ (ಲೆಕ್ಕಕ್ಕೆ 160 ಎಂದು ಹಿಡಿಯಬೇಕು) 2.4 ಬರುತ್ತದೆ. 1.3ಕ್ಕಿಂತ ಕಡಿಮೆಯಿದ್ದರೆ ಸದ್ಯಕ್ಕೆ ನಿಶ್ಚಿಂತೆ. ಅದಕ್ಕಿಂತ ಹೆಚ್ಚಾದರೆ, ಲಿವರಿನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್ ಇರುವ ಊರಿಗೆ ಕಳಿಸಬೇಕು. 65 ದಾಟಿದವರಿಗೆ ಈ ಮಿತಿ 2. ಎಎಸ್‌ಟಿ, ಎಎಲ್‌ಟಿ ಸಾಮಾನ್ಯ ಲಿವರ್ ಪರೀಕ್ಷೆಯಲ್ಲೇ ಬರುತ್ತವೆ, ಪ್ಲೇಟ್‌ಲೆಟ್ ಎಣಿಕೆಯನ್ನು ಡೆಂಗಿ ಬಂದಾಗೆಲ್ಲ ಮಾಡಿಸುತ್ತೇವೆ. ನಾಲ್ಕನ್ನೂ ಜೋಡಿಸಿ ನೋಡುವ ರೂಢಿ ಮಾತ್ರ ಇನ್ನೂ ಹಳ್ಳಿ ಪಟ್ಟಣಗಳಿಗೆ ಬಂದಿಲ್ಲ.

ಸರ್ಕಾರದ ಕಡೆಯಿಂದ ದಾರಿ ತೆರೆದಿದೆ. ಸಕ್ಕರೆ ಕಾಯಿಲೆ, ಹೃದ್ರೋಗ, ಕ್ಯಾನ್ಸರ್ ತಡೆಯುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ 2021ರ ಫೆಬ್ರುವರಿಯಲ್ಲಿ ಫ್ಯಾಟಿ ಲಿವರ್ ಕೂಡ ಸೇರಿತು. 30 ದಾಟಿದವರ ಮನೆಗೆ ಬರುವ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಸೊಂಟದ ಸುತ್ತಳತೆಯ ಪ್ರಶ್ನೆ ಇದ್ದೇ ಇದೆ: ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದರೆ ಅಂಕ ಬೀಳುತ್ತದೆ. ‘ಟೇಪ್ ಯಾಕ ಬೇ ಅಕ್ಕಾ, ನಾ ಆರಾಮ ಅದೀನಿ’ ಎಂದು ಅವರನ್ನು ಬಾಗಿಲಲ್ಲೇ ಕಳಿಸುವ ಬದಲು ಅಳೆಸಿಕೊಳ್ಳುವುದು ಒಳ್ಳೆಯದು.

ಶಸ್ತ್ರಕ್ರಿಯೆ ಮಹಾನಗರದಲ್ಲಿ ಆಗುತ್ತದೆ, ಆಮೇಲಿನ ಬದುಕು ರಾಮದುರ್ಗದಲ್ಲೋ ಯರಗಟ್ಟಿಯಲ್ಲೋ ನಡೆಯುತ್ತದೆ. ಇಲ್ಲಿನ ವೈದ್ಯರೂ ಮನೆಯವರೂ ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದದ್ದು ಒಂದಿದೆ. ಮೊದಲ ತಿಂಗಳುಗಳಲ್ಲಿ ವಾಂತಿ ನಿಲ್ಲದೆ ಹೋದರೆ ಮೈಯಲ್ಲಿನ ಥಯಾಮಿನ್, ಅಂದರೆ ಬಿ1 ಜೀವಸತ್ವ, ಕೆಲವೇ ವಾರಗಳಲ್ಲಿ ಬರಿದಾಗುತ್ತದೆ. ಸುಸ್ತೆಂದು ಬಂದವರಿಗೆ ಬರೀ ಗ್ಲೂಕೋಸ್ ಸಲಾಯಿನ್ ಹಚ್ಚಿದರೆ ಉಳಿದ ಅಷ್ಟಿಷ್ಟೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು: ಕಣ್ಣು ಓಲಾಡುವುದು, ನಡಿಗೆ ತಪ್ಪುವುದು, ಗೊಂದಲ. ಮೊದಲು ಥಯಾಮಿನ್, ನಂತರ ಗ್ಲೂಕೋಸ್. ಶಸ್ತ್ರಕ್ರಿಯೆ ಆಗಿದೆ ಎಂಬುದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಮದುವೆಯಾಗಬೇಕಾದ ಹೆಣ್ಣುಮಕ್ಕಳ ಮನೆಗಳಲ್ಲಿ ಇದನ್ನು ಗುಟ್ಟಾಗಿ ಇಡುವುದುಂಟು. ಆ ಗುಟ್ಟು ಜೀವಕ್ಕೆ ಎರವಾಗಬಹುದು. ಗರ್ಭ ಧರಿಸುವುದನ್ನು ಒಂದರಿಂದ ಒಂದೂವರೆ ವರ್ಷ ಮುಂದೂಡಲು ಹೇಳುವುದೂ ಇದೇ ಪೋಷಣೆಯ ಕಾರಣಕ್ಕೆ.

ನಮ್ಮ ಕಡೆ ಸಸ್ಯಾಹಾರಿ ಮನೆಗಳು ಬಹಳ. ಬಿ12 ಅವರಲ್ಲಿ ಮೊದಲೇ ಕಡಿಮೆ, ಶಸ್ತ್ರಕ್ರಿಯೆಯ ನಂತರ ಇನ್ನೂ ಇಳಿಯುತ್ತದೆ. ಕಬ್ಬಿಣಾಂಶ, ಕ್ಯಾಲ್ಸಿಯಂ, ಡಿ ಜೀವಸತ್ವದ ಕಥೆಯೂ ಅದೇ. ಮಾತ್ರೆ, ಇಂಜೆಕ್ಷನ್ ಜೀವನಪರ್ಯಂತ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು; ಹೆಸರುಕಾಳು, ತೊಗರಿಬೇಳೆ, ಕಡಲೆ, ಮೊಸರು, ಶೇಂಗಾ ಹಿಂಡಿ ಎಲ್ಲವೂ ನಮ್ಮ ತಾಟಿನಲ್ಲೇ ಇವೆ, ಆದರೆ ಚಿಕ್ಕ ಜಠರದಲ್ಲಿ ರೊಟ್ಟಿಗಿಂತ ಮೊದಲು ಅವುಗಳಿಗೆ ಜಾಗ ಕೊಡಬೇಕು. ಯಲ್ಲಮ್ಮನ ಗುಡ್ಡದಲ್ಲಿ ಪಡ್ಲಿಗಿ ತುಂಬಿಸಿ ಉಣ್ಣುವಾಗ ಬೈಪಾಸ್ ಆದವರು ಹೋಳಿಗೆ, ಕಡುಬಿಗೆ ಕೈಹಾಕಿದರೆ ಬೆವರು, ಎದೆಬಡಿತ, ತಲೆಸುತ್ತು ಬರಬಹುದು. ಸಿಹಿ ಒಮ್ಮೆಲೇ ಕರುಳಿಗೆ ಇಳಿಯುವುದರಿಂದ ಹಾಗಾಗುತ್ತದೆ. ಒತ್ತಾಯ ಮಾಡಿ ಉಣಿಸುವುದು ನಮ್ಮಲ್ಲಿ ಪ್ರೀತಿ. ಇವರ ವಿಷಯದಲ್ಲಿ ಒತ್ತಾಯ ಬಿಡುವುದೇ ಪ್ರೀತಿ. ತೂಕ ವೇಗವಾಗಿ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲಾಗುವುದು ಸಾಮಾನ್ಯ. ಮದ್ಯ ಮಾತ್ರ ಖಂಡಿತ ಬೇಡ: ಬೈಪಾಸಿನ ನಂತರ ಅದು ಬೇಗ ರಕ್ತಕ್ಕೇರುತ್ತದೆ, ಚಟಕ್ಕೆ ಬೀಳುವ ಸಂಭವವೂ ಹೆಚ್ಚು. ಉಳಿಸಿಕೊಂಡ ಲಿವರನ್ನು ಆ ದಾರಿಯಲ್ಲಿ ಕಳೆದುಕೊಂಡವರಿದ್ದಾರೆ.

ಈಗ ಇಂಜೆಕ್ಷನ್‌ಗಳೂ ಬಂದಿವೆ. ಜಿಎಲ್‌ಪಿ-1 ಹಾರ್ಮೋನನ್ನು ಅನುಸರಿಸುವ ಸೆಮಾಗ್ಲುಟೈಡ್‌ನಿಂದ ಶೇ 63 ಮಂದಿಯಲ್ಲಿ ಉರಿಯೂತ ವಾಸಿಯಾದದ್ದನ್ನು 2025ರ ದೊಡ್ಡ ಪ್ರಯೋಗ ತೋರಿಸಿತು; ಬರೀ ನೀರಿನಂಥ ಸೂಜಿ ಪಡೆದವರಲ್ಲಿ ಅದು ಶೇ 34. ಶಸ್ತ್ರಕ್ರಿಯೆಗೆ ಒಗ್ಗದವರಿಗೆ, ಒಲ್ಲದವರಿಗೆ ಇದು ನಿಜವಾದ ಆಸರೆ. ಆದರೆ ನಿಲ್ಲಿಸಿದರೆ ತೂಕ ಬಹುಪಾಲು ಮರಳುತ್ತದೆ, ತಿಂಗಳ ಖರ್ಚು ನಿಲ್ಲುವುದಿಲ್ಲ.

ಶಸ್ತ್ರಕ್ರಿಯೆಗೂ ಖಾಸಗಿಯಲ್ಲಿ ಲಕ್ಷಗಟ್ಟಲೆ ಬೇಕು, ಅಲ್ಲಿ ವಿಮೆಯ ನಿಯಮ ಎದುರಾಗುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಗೊತ್ತುಮಾಡಿದ ಮಾದರಿ ಷರತ್ತಿನಂತೆ ಬಿಎಂಐ 40 ಇರಬೇಕು; ಅಥವಾ 35 ಇದ್ದು ಜೊತೆಗೆ ಸ್ಥೂಲಕಾಯದಿಂದಾದ ಹೃದಯಸ್ನಾಯುವಿನ ರೋಗ, ಹೃದಯದ ರಕ್ತನಾಳದ ರೋಗ, ನಿದ್ದೆಯಲ್ಲಿ ಉಸಿರುಕಟ್ಟುವ ತೀವ್ರ ತೊಂದರೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇವುಗಳಲ್ಲಿ ಒಂದಿರಬೇಕು. ಲಿವರಿನ ಹೆಸರೇ ಅಲ್ಲಿಲ್ಲ. 160 ಸೆಂಟಿಮೀಟರ್ ಎತ್ತರದ ಹೆಣ್ಣುಮಗಳಿಗೆ 35 ಎಂದರೆ ಸುಮಾರು 90 ಕಿಲೋ, 40 ಎಂದರೆ 102 ಕಿಲೋ. ಅಂತರರಾಷ್ಟ್ರೀಯ ಸರ್ಜನ್ ಸಂಘಟನೆಗಳು 2022ರಲ್ಲಿ ಏಷ್ಯಾದವರಿಗೆ ಶಸ್ತ್ರಕ್ರಿಯೆಯನ್ನು 27.5ರಿಂದಲೇ ಪರಿಗಣಿಸಬಹುದು ಎಂದವು. ಅದೇ ಎತ್ತರಕ್ಕೆ ಅದು 70 ಕಿಲೋ. ಪಾಶ್ಚಾತ್ಯರ ಮೈಗೆ ಹೊಂದುವ ಅಳತೆಯಿಂದ ನಮ್ಮವರನ್ನು ತೂಗುವುದು, ಬಯಾಪ್ಸಿ ಪುರಾವೆಗಳು ಇಷ್ಟು ಬಂದ ಮೇಲೂ ಲಿವರನ್ನು ಪಟ್ಟಿಯಿಂದ ಹೊರಗಿಡುವುದು ಎರಡೂ ಬದಲಾಗಬೇಕು. ಮೂರನೆಯ ಹಂತದ ಕಲೆ ಇರುವ ರೋಗಿಗೆ ವಿಮೆ ಇಲ್ಲವೆಂದು ಹಿಂದೆ ಕಳಿಸಿದರೆ ಮುಂದೆ ಕಸಿಯ ವೆಚ್ಚ ಯಾರಾದರೂ ಹೊರಲೇಬೇಕಾಗುತ್ತದೆ.

ನಿಯಮ ಬದಲಾಗುವವರೆಗೆ, ಶಸ್ತ್ರಕ್ರಿಯೆಗೆ ತಜ್ಞರು ಸೂಚಿಸಿದವರು ಕಡತವನ್ನು ಜೋಪಾನವಾಗಿ ಕಟ್ಟಿಕೊಳ್ಳಬೇಕು. ಇಂಥ ಲಿವರ್ ಇರುವವರಲ್ಲಿ ಸಕ್ಕರೆ ಕಾಯಿಲೆಯೂ ಜೋರಾದ ಗೊರಕೆಯೂ ಜೊತೆಗಿರುವುದು ಹೆಚ್ಚು. ಮೂರು ತಿಂಗಳ ಸರಾಸರಿ ಸಕ್ಕರೆಯ ಹಳೆಯ ವರದಿಗಳು, ತಜ್ಞರು ಹೇಳಿದರೆ ಮಾಡಿಸಿದ ನಿದ್ದೆಯ ಪರೀಕ್ಷೆ, ಪಥ್ಯ ಮಾಡಿ ತೂಕ ಇಳಿಸಲು ಯತ್ನಿಸಿದ ದಾಖಲೆ, ಫೈಬ್ರೋಸ್ಕ್ಯಾನ್ ಫಲಿತಾಂಶ ಇವೆಲ್ಲ ಸಹಿ, ದಿನಾಂಕದೊಂದಿಗೆ ಇರಲಿ. ಕಪಾಟಿನಲ್ಲಿ ಸಿಕ್ಕ ಹಳೆಯ ರಕ್ತಪರೀಕ್ಷೆಯಲ್ಲಿ ಎಎಸ್‌ಟಿ, ಎಎಲ್‌ಟಿ, ಪ್ಲೇಟ್‌ಲೆಟ್ ಮೂರೂ ಇದ್ದರೆ ಅದನ್ನೇ ವೈದ್ಯರ ಮುಂದಿಟ್ಟು ಫಿಬ್-4 ಎಷ್ಟಾಯಿತೆಂದು ಕೇಳಬಹುದು.